ತೂಕ ಇಳಿಸೋ ಸರ್ಜರಿ ಆದ್ಮೇಲೂ ತಿನ್ನೋ ಚಟ ಬಿಡ್ತಿಲ್ವಾ? ಪದೇ ಪದೇ ಕೇಳೋ ಪ್ರಶ್ನೆಗಳು

ತೂಕ ಇಳಿಸೋಕೆ ಹೊಟ್ಟೆಗೆ ಸ್ಲೀವೋ ಬೈಪಾಸೋ ಅನ್ನೋ ಆಪರೇಷನ್ ಮಾಡಿಸ್ಕೊಂಡಿದೀರ, ತೂಕ ಇಳಿದಿದೆ, ನೋಡಿದವರೆಲ್ಲ ಹೊಗಳ್ತಿದಾರೆ, ಆದ್ರೆ ರಾತ್ರಿ ಎಲ್ಲರೂ ಮಲಗಿದ್ಮೇಲೆ ಕಾಲು ತಾನಾಗೇ ಅಡುಗೆಮನೆ ಕಡೆ ಹೋಗತ್ತೆ, ಇದನ್ನ ಯಾರ ಹತ್ರಾನೂ ಹೇಳ್ಕೊಳ್ಳೋಕಾಗ್ತಿಲ್ಲ. ಅಂಥವರು ಕೇಳೋ ಪ್ರಶ್ನೆಗಳನ್ನೇ ಇಲ್ಲಿ ತಗೊಂಡಿದೀನಿ. ನಾನು ಡಾಕ್ಟರ್ ಅಲ್ಲ, ಬೈಪಾಸ್ ಆಗಿರೋ ಹೆಂಗಸು, ಇದೇ ಕಷ್ಟ ಇರೋ ತುಂಬಾ ಜನರ ಜೊತೆ ಕೂತು ಮಾತಾಡಿ, ಓದಿ, ಕೇಳಿ ತಿಳ್ಕೊಂಡಿದ್ದು ಇದು. ಮಾತ್ರೆ ಇಂಜೆಕ್ಷನ್ ಶುರು ಮಾಡೋದು ನಿಲ್ಲಿಸೋದು ಮಾತ್ರ ನಿಮ್ಮ ಸರ್ಜರಿ ಟೀಮ್ ಹತ್ರ ಕೇಳಿನೇ ಮಾಡಿ.

ಹೊಟ್ಟೆನೇ ಚಿಕ್ಕದು ಮಾಡಿಸಿದೀನಿ, ಆದ್ರೂ ತಿನ್ನೋ ಸೆಳೆತ ಯಾಕೆ ಹೋಗಿಲ್ಲ?

ಆಪರೇಷನ್ ಆಗಿದ್ದು ಹೊಟ್ಟೆಗೆ, ಸೆಳೆತ ಇರೋದು ತಲೇಲಿ, ಅದಕ್ಕೆ.

ಸ್ವಲ್ಪ ಬಿಡಿಸಿ ಹೇಳ್ತೀನಿ. ಸ್ಲೀವ್‌ನಲ್ಲಿ ಜಠರದ ಸುಮಾರು 75-80% ಭಾಗ ತೆಗೀತಾರೆ, ಗ್ರೆಲಿನ್ ಅನ್ನೋ ಹಸಿವಿನ ಹಾರ್ಮೋನು ಹೆಚ್ಚಾಗಿ ತಯಾರಾಗೋ ಜಾಗಾನೂ ಅದರ ಜೊತೆಗೇ ಹೋಗತ್ತೆ. ಬೈಪಾಸ್‌ನಲ್ಲಿ ಸುಮಾರು 30 ಎಂಎಲ್ ಹಿಡಿಯೋ ಪುಟ್ಟ ಪೌಚ್ ಅಂದ್ರೆ ಜಠರದ ಚೀಲ ಮಾಡಿ ಅದನ್ನ ನೇರ ಸಣ್ಣ ಕರುಳಿಗೆ ಜೋಡಿಸ್ತಾರೆ, ತಿಂದಿದ್ದು ಬೇಗ ಕೆಳಗೆ ಇಳಿಯತ್ತೆ, ಆಗ ಜಿಎಲ್‌ಪಿ-1, ಪಿವೈವೈ ಥರದ, ಹೊಟ್ಟೆ ತುಂಬ್ತು ಅಂತ ಮೆದುಳಿಗೆ ಹೇಳೋ ಹಾರ್ಮೋನುಗಳು ಜಾಸ್ತಿ ಬರತ್ತೆ. ಹಾಗಾಗಿ ಮೊದಲ ಕೆಲವು ತಿಂಗಳು ಎಷ್ಟೋ ಜನಕ್ಕೆ ಹಸಿವೇ ಗೊತ್ತಾಗಲ್ಲ, ಚಟಾನೂ ಹೋಯ್ತು ಅಂತಾನೇ ಅನ್ಸತ್ತೆ. ಅದು ಭ್ರಮೆ ಏನಲ್ಲ. 2014ರಲ್ಲಿ ಬಂದ ಒಂದು ಚಿಕ್ಕ ಸ್ಟಡಿಲಿ 44 ಜನರನ್ನ ನೋಡಿದ್ರು, ಸರ್ಜರಿಗೆ ಮುಂಚೆ ಅವರಲ್ಲಿ ಸುಮಾರು ಮೂರರಲ್ಲಿ ಒಂದು ಭಾಗದವರಿಗೆ ಫುಡ್ ಅಡಿಕ್ಷನ್ ಅಂದ್ರೆ ತಿನ್ನೋ ಚಟದ ಲಕ್ಷಣ ಇತ್ತು, ತೂಕ ಸುಮಾರು 20% ಇಳಿದ್ಮೇಲೆ ಹೆಚ್ಚುಕಮ್ಮಿ ಎಲ್ಲರಲ್ಲೂ ಅದು ಕಾಣ್ಲಿಲ್ಲ.

ಕಷ್ಟ ಏನಂದ್ರೆ ಈ ಆರಾಮದ ಕಾಲ ಹಾಗೇ ಇರಲ್ಲ. ಆರು ತಿಂಗಳೋ ಒಂದೂವರೆ ವರ್ಷಾನೋ ಆದ್ಮೇಲೆ ದೇಹ ಹೊಂದ್ಕೊಳ್ಳತ್ತೆ, ಹಸಿವು ಮೆಲ್ಲಗೆ ವಾಪಸ್ ಬರತ್ತೆ. ಬೇಜಾರಾದಾಗ ತಿನ್ನು, ಸುಸ್ತಾದಾಗ ತಿನ್ನು, ಜಗಳ ಆದಾಗ ತಿನ್ನು ಅಂತ ಮೆದುಳು ವರ್ಷಗಟ್ಟಲೆ ಕಲಿತಿರೋದು, ಆ ಡೋಪಮೈನ್ ದಾರಿ, ಅಂದ್ರೆ ಖುಷಿ ಕೊಟ್ಟಿದ್ದು ಮತ್ತೆ ಬೇಕು ಅನ್ಸೋ ಮೆದುಳಿನ ದಾರಿ, ಅದನ್ನ ಯಾವ ಸರ್ಜನ್ನೂ ಮುಟ್ಟಿಲ್ಲ. ನೀವು ಸೋತಿದ್ದಕ್ಕೆ ಅದು ವಾಪಸ್ ಬಂತು ಅಂತ ಅಂದ್ಕೋಬೇಡಿ, ಅದಕ್ಕೆ ಇನ್ನೂ ಟ್ರೀಟ್‌ಮೆಂಟೇ ಆಗಿರಲ್ಲ ಅಷ್ಟೇ.

ಇದು ನಿಜವಾಗ್ಲೂ ಅಡಿಕ್ಷನ್ನಾ, ಇಲ್ಲ ಬರೀ ಬಾಯಿ ಚಪಲಾನಾ?

ಮನೇಲಿ ಎಲ್ಲರೂ ಬಾಯಿ ಚಪಲ ಅಂತಾನೇ ಅನ್ನೋದು, ಆ ಮಾತು ಎಷ್ಟು ನೋವು ಕೊಡತ್ತೆ ಅಂತ ಅನುಭವಿಸಿದವರಿಗೇ ಗೊತ್ತು. ಮೆಡಿಕಲ್ ಲೆಕ್ಕದಲ್ಲಿ ಹೇಳೋದಾದ್ರೆ, 2013ರಲ್ಲಿ ಬಂದ ಡಿಎಸ್ಎಂ-5 ಅನ್ನೋ ಮಾನಸಿಕ ಕಾಯಿಲೆಗಳ ಕೈಪಿಡೀಲಿ ಬಿಂಜ್ ಈಟಿಂಗ್ ಡಿಸಾರ್ಡರ್, ಅಂದ್ರೆ ಕಂಟ್ರೋಲ್ ತಪ್ಪಿ ರಾಶಿ ತಿನ್ನೋದು, ಸ್ವತಂತ್ರ ಕಾಯಿಲೆಯಾಗಿ ಸೇರಿದೆ, ಫುಡ್ ಅಡಿಕ್ಷನ್ ಅನ್ನೋದು ಸೇರಿಲ್ಲ. ಅದನ್ನ ಅಳೆಯೋಕೆ ಆಶ್ಲಿ ಗಿಯರ್‌ಹಾರ್ಟ್ ಮತ್ತೆ ಜೊತೆಗಾರರು 2009ರಲ್ಲಿ ಯೇಲ್ ಫುಡ್ ಅಡಿಕ್ಷನ್ ಸ್ಕೇಲ್ ಅನ್ನೋ ಪ್ರಶ್ನಾವಳಿ ಮಾಡಿದ್ರು, 2016ರಲ್ಲಿ ಅದರ ಎರಡನೇ ಆವೃತ್ತಿ ಬಂತು. ಇದನ್ನ ಅಡಿಕ್ಷನ್ ಅನ್ಬೇಕಾ ಬೇಡ್ವಾ ಅಂತ ತಜ್ಞರ ನಡುವೆ ಇನ್ನೂ ವಾದ ನಡೀತಾನೇ ಇದೆ.

ನನ್ನ ಕೇಳಿದ್ರೆ ಆ ವಾದ ಮುಗಿಯೋ ತನಕ ಕಾಯೋ ಅಗತ್ಯ ನಿಮಗಿಲ್ಲ. ನಿಲ್ಲಿಸ್ಬೇಕು ಅಂದ್ಕೊಂಡ್ರೂ ಕೈ ನಿಲ್ತಿಲ್ವಾ, ಹೊಟ್ಟೆ ನೋವು ಬರತ್ತೆ ಅಂತ ಗೊತ್ತಿದ್ರೂ ತಿಂತೀರಾ, ಕದ್ದು ತಿಂತೀರಾ, ರ‍್ಯಾಪರ್ ಬಚ್ಚಿಡ್ತೀರಾ, ಯಾವ್ದಾದ್ರೂ ಫಂಕ್ಷನ್‌ಗೆ ಹೋದ್ರೆ ಜನರ ಮುಖಕ್ಕಿಂತ ಊಟದ ಟೇಬಲ್ಲೇ ತಲೇಲಿ ಸುತ್ತತ್ತಾ, ತಿಂದ್ಮೇಲೆ ನಾಚಿಕೆಯಾಗಿ ಮತ್ತೆ ಅದೇ ನಾಚಿಕೆಗೆ ತಿಂತೀರಾ. ಇದ್ರಲ್ಲಿ ನಾಕೈದು ಹೌದು ಅಂದ್ರೆ ಹೆಸರು ಏನೇ ಇರ್ಲಿ, ಸಹಾಯ ಕೇಳೋಕೆ ಅಷ್ಟು ಸಾಕು.

ಒಂದೇ ಸಲ ಜಾಸ್ತಿ ತಿನ್ನೋಕೇ ಆಗಲ್ಲ ನಂಗೆ, ಅಂದ್ಮೇಲೆ ಇದು ಬಿಂಜ್ ಹೇಗಾಗತ್ತೆ?

ತುಂಬಾ ಜನ ಎಡವೋದು ಇಲ್ಲೇ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಸರ್ಜರಿಗೆ ಮುಂಚೆ ಬಿಂಜ್ ಅಂದ್ರೆ ಒಂದೇ ಸಲ ಕೂತು ರಾಶಿ ತಿನ್ನೋದು. ಈಗ ಅಷ್ಟು ಜಾಗಾನೇ ಇಲ್ಲ, ಹಾಗಂತ ಚಟ ಸುಮ್ನೆ ಕೂರಲ್ಲ, ವೇಷ ಬದಲಾಯಿಸತ್ತೆ. ಒಂದು ಚಿಪ್ಸ್ ಪ್ಯಾಕೆಟ್ ಪಕ್ಕದಲ್ಲಿಟ್ಕೊಂಡು ಮೂರು ಗಂಟೆ ಎರಡೆರಡೇ ಬಾಯಿಗೆ ಹಾಕೋದು, ಅಡುಗೆಮನೆ ದಾಟುವಾಗೆಲ್ಲ ಒಂದು ತುಂಡು, ಮಕ್ಕಳು ಬಿಟ್ಟಿದ್ದು ಒಂದು ಚೂರು, ಫ್ರಿಜ್ ತೆಗೆದಾಗೊಂದು ಸ್ಪೂನು. ಇದಕ್ಕೆ ಗ್ರೇಝಿಂಗ್ ಅಂತಾರೆ. ಒಂದೊಂದು ಸಲಕ್ಕೂ ಏನೂ ಅಲ್ಲ ಅನ್ಸತ್ತೆ, ಪ್ಲೇಟಲ್ಲಿ ಹಾಕ್ಕೊಂಡು ಕೂತಿರಲ್ವಲ್ಲ, ಹಾಗಾಗಿ ತಿಂದೆ ಅನ್ನೋ ಲೆಕ್ಕಕ್ಕೇ ಬರಲ್ಲ, ಆದ್ರೆ ಸಂಜೆ ತನಕ ಕೂಡಿಸಿದ್ರೆ ಎರಡು ಊಟದಷ್ಟು ಆಗಿರತ್ತೆ.

ಅದಕ್ಕೇ ಸರ್ಜರಿ ಆದವರನ್ನ ನೋಡೋ ಸೈಕಾಲಜಿಸ್ಟ್‌ಗಳು ಎಷ್ಟು ತಿಂದ್ರಿ ಅಂತ ಕೇಳೋದಕ್ಕಿಂತ, ತಿನ್ನುವಾಗ ನಿಲ್ಲಿಸೋಕೆ ಆಗ್ತಿತ್ತಾ ಅಂತ ಕೇಳ್ತಾರೆ. ಕಂಟ್ರೋಲ್ ತಪ್ಪಿದ ಅನುಭವಾನೇ ಮುಖ್ಯ, ಪ್ರಮಾಣ ಆಮೇಲೆ.

ಇನ್ನೊಂದು, ಮೆತ್ತಗಿರೋದು. ಐಸ್‌ಕ್ರೀಮ್, ಮಿಲ್ಕ್‌ಶೇಕ್, ಚಾಕೊಲೇಟ್, ಬಾಯಲ್ಲೇ ಕರಗಿಹೋಗೋ ಬಿಸ್ಕೆಟ್, ಇವೆಲ್ಲ ಪೌಚಲ್ಲಿ ನಿಲ್ಲದೇ ಜಾರಿ ಇಳಿದ್ಬಿಡತ್ತೆ, ಹೊಟ್ಟೆ ತುಂಬಿದ್ದು ಗೊತ್ತೇ ಆಗಲ್ಲ. ಪ್ರೋಟೀನ್ ಇರೋ ಗಟ್ಟಿ ಊಟ ನಾಕು ತುತ್ತಿಗೇ ಸಾಕು ಅನ್ಸತ್ತೆ, ಐಸ್‌ಕ್ರೀಮ್ ಡಬ್ಬಿ ಮಾತ್ರ ಖಾಲಿ ಆಗತ್ತೆ. ಊಟದ ಜೊತೆ ನೀರು ಕುಡಿಬೇಡಿ, ಊಟ ಆಗಿ ಅರ್ಧ ಗಂಟೆ ಬಿಡಿ ಅಂತ ಹೇಳೋದೂ ಇದಕ್ಕೇ, ನೀರು ಬಿದ್ರೆ ಗಟ್ಟಿ ಊಟಾನೂ ತೆಳ್ಳಗಾಗಿ ಬೇಗ ಕೆಳಗೆ ಹೋಗತ್ತೆ. ಕೆಲವರು ಈ ದಾರಿ ಗೊತ್ತಿದ್ದೇ ನೀರು ಕುಡ್ಕೊಂಡು ತಿಂತಾರೆ. ಹಾಗೆ ಮಾಡ್ತಿದೀರ ಅಂದ್ರೆ ಅದನ್ನ ಮುಚ್ಚಿಡ್ಬೇಡಿ, ನಿಮ್ಮ ಡಯಟೀಷಿಯನ್‌ಗೆ ತುಂಬಾ ಉಪಯೋಗ ಆಗೋ ವಿಷಯ ಅದು.

ತಲೆ ಹಸಿವು, ಹೊಟ್ಟೆ ಹಸಿವು ಬೇರೆ ಮಾಡೋದು ಹೇಗೆ?

ಹೊಟ್ಟೆ ಹಸಿವು ಮೆಲ್ಲಗೆ ಬರತ್ತೆ, ಊಟ ಆಗಿ ಮೂರು ನಾಕು ಗಂಟೆ ಆಗಿರತ್ತೆ, ಆಗ ಏನು ಕೊಟ್ರೂ ತಿಂತೀರ. ತಲೆ ಹಸಿವು ದಿಢೀರಂತ ಬಂದು ಇಂಥದ್ದೇ ಬೇಕು ಅನ್ನತ್ತೆ, ಈಗ್ಲೇ ಬೇಕು ಅನ್ನತ್ತೆ. ಒಂದು ಸುಲಭ ಪರೀಕ್ಷೆ ಇದೆ, ಒಂದು ಬೇಯಿಸಿದ ಮೊಟ್ಟೆನೋ ಸಪ್ಪೆ ಬೇಳೆನೋ ಕೊಟ್ರೆ ತಿಂತೀನಾ ಅಂತ ನಿಮ್ಮನ್ನೇ ಕೇಳ್ಕೊಳಿ, ಬೇಡ ಅನ್ಸಿದ್ರೆ ಬಹುಶಃ ತಲೇದು. ಆದ್ರೆ ಇದನ್ನ ಕಣ್ಮುಚ್ಚಿ ನಂಬ್ಬೇಡಿ, ಬೆಳಗ್ಗಿಂದ ಸರಿಯಾಗಿ ತಿನ್ನದೇ ಇದ್ದವರಿಗೆ ಎರಡೂ ಒಟ್ಟಿಗೇ ಬರತ್ತೆ. ನಿದ್ದೆ ಕೆಟ್ಟ ಮಾರನೇ ದಿನಾನೂ ಅಷ್ಟೇ, ಸೆಳೆತ ಎರಡು ಪಟ್ಟು.

ಸಿಹಿ ತಿಂದ್ರೆ ಡಂಪಿಂಗ್ ಆಗತ್ತೆ ಅಂದಿದ್ರು, ಆ ಭಯಕ್ಕೇ ಚಟ ಬಿಡತ್ತೆ ಅಂದ್ಕೊಂಡಿದ್ದೆ. ಯಾಕೆ ಬಿಡ್ಲಿಲ್ಲ?

ಭಯದಿಂದ ಚಟ ಬಿಡೋದಾಗಿದ್ರೆ ಯಾವ ಚಟಾನೂ ಇರ್ತಿರ್ಲಿಲ್ಲ. ಜೊತೆಗೆ ಡಂಪಿಂಗ್, ಅಂದ್ರೆ ತಿಂದಿದ್ದು ತೀರಾ ಬೇಗ ಕರುಳಿಗೆ ಇಳಿದು ಮೈ ಕೆಡೋದು, ಎಲ್ಲರಿಗೂ ಆಗಲ್ಲ, ಬೈಪಾಸ್ ಆದವರಿಗೆ ಜಾಸ್ತಿ, ಸ್ಲೀವ್ ಆದವರಲ್ಲೂ ಕೆಲವರಿಗೆ ಬರತ್ತೆ, ಕೆಲವರಿಗೆ ವರ್ಷ ಕಳೆದಂಗೆ ಕಮ್ಮಿಯಾಗತ್ತೆ.

ಅದ್ರಲ್ಲಿ ಎರಡು ಥರ ಇದೆ. ಮೊದಲನೇದು ತಿಂದು 10-30 ನಿಮಿಷಕ್ಕೆ ಬರೋದು, ಎದೆ ಬಡ್ಕೊಳ್ಳತ್ತೆ, ಬೆವರು, ಹೊಟ್ಟೆ ಹಿಂಡಿದಂಗೆ, ಭೇದಿ. ಎರಡನೇದು ಒಂದರಿಂದ ಮೂರು ಗಂಟೆ ಆದ್ಮೇಲೆ, ಇದನ್ನ ತುಂಬಾ ಜನ ಗುರುತಿಸಲ್ಲ. ಸಕ್ಕರೆ ಬೇಗ ಕರುಳಿಗೆ ಇಳಿದು ರಕ್ತದಲ್ಲಿ ಒಂದೇ ಸಲ ಏರತ್ತೆ, ಅದಕ್ಕೆ ದೇಹ ಜಾಸ್ತಿ ಇನ್ಸುಲಿನ್ ಬಿಡತ್ತೆ, ಆಮೇಲೆ ಶುಗರ್ ಧೊಪ್ ಅಂತ ಕೆಳಗೆ ಬೀಳತ್ತೆ. ಕೈ ನಡುಗತ್ತೆ, ತಲೆ ಮಂಜು ಮಂಜು, ವಿಪರೀತ ಹಸಿವು, ಏನಾದ್ರೂ ಸಿಹಿ ತಿನ್ಲೇಬೇಕು ಅನ್ಸತ್ತೆ. ತಿಂದ್ರೆ ಹತ್ತು ನಿಮಿಷ ಆರಾಮ, ಮತ್ತೆ ಎರಡು ಗಂಟೆಗೆ ಅದೇ ಕಥೆ. ಇದನ್ನ ಚಟ ಅಂದ್ಕೊಂಡು ತಮ್ಮನ್ನೇ ಬೈಕೊಳ್ತಾ ಇರೋರನ್ನ ನಾನು ನೋಡಿದೀನಿ, ನಿಜವಾಗಿ ಅವರಿಗೆ ಆಗ್ತಿರೋದು ಶುಗರ್ ಲೋ. ಎರಡೂ ಒಟ್ಟಿಗೆ ಇರೋರೂ ಇದಾರೆ.

ಹಾಗಾಗಿ ಸಿಹಿ ತಿಂದು ಒಂದೆರಡು ಗಂಟೆಗೆ ನಡುಕ ಬೆವರು ಬರ್ತಿದ್ರೆ ಆ ಹೊತ್ತಲ್ಲಿ ಶುಗರ್ ಚೆಕ್ ಮಾಡಿ ಬರೆದಿಟ್ಕೊಂಡು ಡಾಕ್ಟರ್‌ಗೆ ತೋರ್ಸಿ. ಊಟದ ಕ್ರಮ ಬದಲಾಯಿಸಿನೇ ಎಷ್ಟೋ ಜನಕ್ಕೆ ಸರಿಯಾಗತ್ತೆ, ಬೇಕಾದ್ರೆ ಶುಗರ್ ಒಂದೇ ಸಲ ಏರದಂಗೆ ತಡೆಯೋ ಅಕಾರ್ಬೋಸ್ ಥರದ ಮಾತ್ರೆಗಳಿವೆ. ಪ್ರಜ್ಞೆ ತಪ್ಪೋ ಹಂಗೆ ಆಗ್ತಿದ್ರೆ ಮಾತ್ರ ಕಾಯ್ಬೇಡಿ, ಗಾಡಿ ಓಡಿಸ್ಬೇಡಿ.

ಜಾಸ್ತಿ ತಿಂದು ಪೌಚ್ ದೊಡ್ಡದಾಗೋಯ್ತಾ?

ಒಂದಿನದ, ಒಂದು ವಾರದ ತಿನ್ನೋದಕ್ಕೆ ಹಾಗಾಗಲ್ಲ. ಕಾಲ ಕಳೆದಂಗೆ ಸ್ವಲ್ಪ ಹಿಗ್ಗೋದು ಸಹಜ, ನಿಜವಾಗ್ಲೂ ಹಿಗ್ಗಿದೆಯಾ ಅಂತ ಎಂಡೋಸ್ಕೋಪಿಲೋ ಎಕ್ಸ್‌ರೇಲೋ ನೋಡ್ತಾರೆ. ಮೂರು ದಿನ ಐದು ದಿನ ಬರೀ ನೀರು ಕುಡಿದು ಪೌಚ್ ರೀಸೆಟ್ ಮಾಡಿ ಅಂತ ಓಡಾಡೋ ಡಯಟ್‌ಗಳಿಗೆ ಆಧಾರ ಇಲ್ಲ, ಪೌಚ್ ಅದ್ರಿಂದ ಚಿಕ್ಕದಾಗಲ್ಲ. ಅದಕ್ಕಿಂತ ಬೇಜಾರಿನ ವಿಷಯ, ಅಂಥ ಉಪವಾಸ ಮುಗಿದ ದಿನಾನೇ ಬಿಂಜ್ ಆಗೋದು ಜಾಸ್ತಿ.

ಚಟ ಹತ್ತಿಸೋ ತಿಂಡಿನ ಪೂರ್ತಿ ಬಿಡ್ಬೇಕಾ, ಇಲ್ಲ ಸ್ವಲ್ಪ ಸ್ವಲ್ಪ ತಿನ್ಬೋದಾ?

ಇದಕ್ಕೆ ಒಂದೇ ಉತ್ತರ ಕೊಡೋರನ್ನ ನಂಬ್ಬೇಡಿ.

ಕುಡಿಯೋರಿಗೆ ಬಾಟಲಿ ಬಿಡು ಅನ್ಬೋದು, ಊಟ ಬಿಡು ಅನ್ನೋಕಾಗತ್ತಾ, ದಿನಾ ಮೂರು ಹೊತ್ತು ಅದನ್ನೇ ಎದುರು ಹಾಕ್ಕೊಂಡು ಕೂರ್ಬೇಕು. ಈ ಚಟದ ಕಷ್ಟ ಇರೋದೇ ಅಲ್ಲಿ. ಒಂದು ಕಡೆಯವರು ನಿಮ್ಮನ್ನ ಹಿಡಿದಿರೋ ಎರಡು ಮೂರು ತಿಂಡಿ ಯಾವುದು ಅಂತ ಗುರುತಿಸಿ ಅದನ್ನ ಮಾತ್ರ ಬಿಟ್ಬಿಡಿ ಅಂತಾರೆ. ಇನ್ನೊಂದು ಕಡೆ ಬಿಂಜ್‌ಗೆ ಟ್ರೀಟ್‌ಮೆಂಟ್ ಕೊಡೋ ಥೆರಪಿಸ್ಟ್‌ಗಳು, ಜಾಸ್ತಿ ನಿಷೇಧ ಹಾಕಿದಷ್ಟೂ ಒಳಗೆ ಒತ್ತಡ ಕೂಡಿ ಒಂದಿನ ಒಡೆಯತ್ತೆ ಅಂತಾರೆ, ಅದೂ ನಿಜ.

ನನ್ನ ಅಭಿಪ್ರಾಯ ಹೇಳ್ತೀನಿ. ಮೊದಲು ಊಟದ ಟೈಮ್ ಸರಿ ಮಾಡ್ಕೊಳಿ, ಮೂರು ಊಟ, ಬೇಕಾದ್ರೆ ಒಂದೋ ಎರಡೋ ಪ್ಲಾನ್ ಮಾಡಿದ ಸಣ್ಣ ತಿಂಡಿ, ಪ್ರತಿ ಸಲ ಮೊದಲು ಪ್ರೋಟೀನ್. ಸಾಮಾನ್ಯವಾಗಿ ದಿನಕ್ಕೆ 60-80 ಗ್ರಾಂ ಪ್ರೋಟೀನ್ ಹೇಳ್ತಾರೆ, ನಿಮ್ಮದು ಎಷ್ಟು ಅಂತ ಟೀಮ್ ಹೇಳತ್ತೆ. ಇದನ್ನ ಕೆಲವು ವಾರ ನಡೆಸಿ ನೋಡಿದ್ರೆ, ಯಾವ ತಿಂಡಿ ಒಂದು ತುಂಡಿಗೆ ನಿಲ್ಲತ್ತೆ, ಯಾವ್ದು ನಿಲ್ಲೋದೇ ಇಲ್ಲ ಅಂತ ತಾನಾಗೇ ಗೊತ್ತಾಗತ್ತೆ. ನಿಲ್ಲದೇ ಇರೋದನ್ನ ಮನೆಗೆ ತರ್ಬೇಡಿ. ತಿನ್ಲೇಬಾರ್ದು ಅಂತ ಆಣೆ ಇಡೋದು ಬೇಕಾಗಿಲ್ಲ, ಕೈಗೆ ಸಿಗೋ ದೂರದಲ್ಲಿ ಇಲ್ಲದಿದ್ರೆ ಅರ್ಧ ಯುದ್ಧ ಅಲ್ಲೇ ಮುಗಿಯತ್ತೆ. ಉಳಿದ ಎಲ್ಲಾ ತಿಂಡಿಗೂ ಕೆಟ್ಟದ್ದು ಅಂತ ಹಣೆಪಟ್ಟಿ ಹಚ್ಚಬೇಡಿ.

ಬೆಳಗ್ಗೆ ತಿಂಡಿ ಬಿಟ್ಟು ಕ್ಯಾಲೊರಿ ಉಳಿಸ್ತೀನಿ ಅನ್ನೋರಿಗೆ ಒಂದು ಮಾತು, ಬೆಳಗ್ಗೆ ಉಳಿಸಿದ್ದು ರಾತ್ರಿ ಬಡ್ಡಿ ಸಮೇತ ಹೋಗತ್ತೆ.

ಸೆಳೆತ ಬಂದಿದೆ, ಈಗ ಈ ಕ್ಷಣಕ್ಕೆ ಏನ್ ಮಾಡ್ಲಿ?

ಜಾಗ ಬಿಡಿ. ಅಡುಗೆಮನೇಲಿ ನಿಂತ್ಕೊಂಡು ಮನಸ್ಸಿನ ಜೊತೆ ವಾದ ಮಾಡಿದ್ರೆ ಮನಸ್ಸೇ ಗೆಲ್ಲೋದು. ಹೊರಗೆ ಹೋಗಿ, ಸ್ನಾನ ಮಾಡಿ, ಯಾರಿಗಾದ್ರೂ ಫೋನ್ ಮಾಡಿ, "ತಿನ್ಬೇಕು ಅನ್ಸ್ತಿದೆ" ಅಂತ ಅಷ್ಟೇ ಹೇಳಿದ್ರೂ ಸಾಕು. ಸೆಳೆತ ಅಲೆ ಥರ, ಏರತ್ತೆ, ಅದಕ್ಕೆ ಮಣಿದು ತಿನ್ನದೇ ಇದ್ರೆ ಸಾಮಾನ್ಯವಾಗಿ ಅರ್ಧ ಗಂಟೆ ಒಳಗೆ ಇಳಿಯೋಕೆ ಶುರುವಾಗತ್ತೆ, ಆ ಅರ್ಧ ಗಂಟೆ ದಾಟೋದು ಹೇಗೆ ಅನ್ನೋದೇ ಪ್ರಶ್ನೆ. ಮುಂಚೇನೇ, ಸೆಳೆತ ಇಲ್ಲದಾಗ, ಏನೇನು ಮಾಡ್ಬೋದು ಅಂತ ಒಂದು ಚೀಟಿಲಿ ಬರೆದು ಫ್ರಿಜ್ ಬಾಗಿಲಿಗೇ ಅಂಟಿಸಿ, ಯಾಕಂದ್ರೆ ಆ ಹೊತ್ತಿಗೆ ತಲೇಲಿ ಏನೂ ಹೊಳೆಯಲ್ಲ.

ಅರ್ಧ ಗಂಟೆ ಆದ್ಮೇಲೂ ಹಸಿವೇ ಅನ್ಸಿದ್ರೆ ಪ್ಲೇಟಲ್ಲಿ ಹಾಕ್ಕೊಂಡು, ಕೂತ್ಕೊಂಡು, ಪ್ರೋಟೀನ್ ಇರೋದೇನಾದ್ರೂ ತಿನ್ನಿ. ಅದು ಸೋಲಲ್ಲ.

ನಿನ್ನೆ ಪೂರ್ತಿ ಜಾರ್ದೆ. ಇವತ್ತು ಉಪವಾಸ ಮಾಡ್ಲಾ?

ಬೇಡ. ಮುಂದಿನ ಊಟಾನ ಅದರ ಟೈಮಿಗೆ, ಮಾಮೂಲಿ ಅಳತೆಲಿ ತಿನ್ನಿ. ಉಪವಾಸ ಮಾಡಿದ್ರೆ ನಾಳೆ ಮತ್ತೆ ಜಾರ್ತೀರ, ಈ ಚಕ್ರ ಮುರಿಯೋ ಜಾಗ ಇದೊಂದೇ. ದಿನಕ್ಕೆ ನಾಕು ಸಲ ತೂಕ ನೋಡೋದೂ ಬೇಡ, ನಿನ್ನೆ ತಿಂದ ಉಪ್ಪಿಗೆ ನೀರು ನಿಂತಿರತ್ತೆ, ಆ ನಂಬರ್ ನೋಡಿ ಮನಸ್ಸು ಇನ್ನೂ ಕುಗ್ಗತ್ತೆ. ಏನಾಗಿತ್ತು ನಿನ್ನೆ, ಯಾರು ಏನಂದ್ರು, ಎಷ್ಟು ಹೊತ್ತಿಂದ ಹಸಿದಿದ್ರಿ, ಇದನ್ನ ಬರೆದಿಡಿ. ಬೈಕೊಳ್ಳೋಕೆ ಬರೀಬೇಡಿ, ಥೆರಪಿಸ್ಟ್‌ಗೆ ತೋರ್ಸೋಕೆ ಬರೀರಿ.

ತಿನ್ನೋದು ಕಮ್ಮಿಯಾಯ್ತು, ಆದ್ರೆ ಕುಡಿಯೋದು ಜಾಸ್ತಿಯಾಗಿದೆ. ಸಂಬಂಧ ಇದ್ಯಾ?

ಇದೆ, ದಯವಿಟ್ಟು ಇದನ್ನ ಹಗುರಾಗಿ ತಗೋಬೇಡಿ. ಒಂದು ಚಟ ಹೋಗಿ ಇನ್ನೊಂದು ಬರೋದನ್ನ ಅಡಿಕ್ಷನ್ ಟ್ರಾನ್ಸ್‌ಫರ್ ಅಂತಾರೆ, ಆದ್ರೆ ಕುಡಿತದ ವಿಷಯದಲ್ಲಿ ಬರೀ ಮನಸ್ಸಿನ ಕಾರಣ ಅಷ್ಟೇ ಅಲ್ಲ, ದೇಹದ ಕಾರಣಾನೂ ಇದೆ. ಬೈಪಾಸ್, ಸ್ಲೀವ್ ಆದವರಿಗೆ ಆಲ್ಕೋಹಾಲ್ ಬೇಗ ರಕ್ತಕ್ಕೆ ಹೋಗತ್ತೆ, ಜಾಸ್ತಿ ಎತ್ತರಕ್ಕೆ ಏರತ್ತೆ, ಮುಂಚೆ ಎರಡು ಗ್ಲಾಸಿಗೆ ಆಗ್ತಿದ್ದ ನಶೆ ಈಗ ಒಂದಕ್ಕೇ. ಅಮೆರಿಕದ ಹಲವು ಆಸ್ಪತ್ರೆಗಳಲ್ಲಿ ಸರ್ಜರಿ ಆದವರನ್ನ ವರ್ಷಗಟ್ಟಲೆ ಹಿಂಬಾಲಿಸಿದ ಲ್ಯಾಬ್ಸ್-2 ಸ್ಟಡಿಲಿ, ಬೈಪಾಸ್ ಆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಐದು ವರ್ಷದೊಳಗೆ ಕುಡಿತದ ತೊಂದರೆಯ ಲಕ್ಷಣ ಬಂದಿತ್ತು. ಮೊದಲ ವರ್ಷ ಅಲ್ಲ, ಎರಡನೇ ವರ್ಷದಿಂದ ಇದು ಏರಿದ್ದು ಕಂಡಿದೆ, ಅಂದ್ರೆ ಎಲ್ಲರೂ ಇನ್ನೇನು ಸರಿ ಹೋಯ್ತು ಅಂತ ಫಾಲೋಅಪ್ ಬಿಡೋ ಹೊತ್ತಿಗೆ.

ಶಾಪಿಂಗ್, ಜೂಜು, ಸಿಗರೇಟು, ನೋವಿನ ಮಾತ್ರೆ, ಇವೂ ಹೀಗೇ ಬರ್ಬೋದು. ಸಿಗರೇಟು ಮತ್ತೆ ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಬೈಪಾಸ್ ಆದವರಲ್ಲಿ ಹುಣ್ಣನ್ನೂ ಮಾಡತ್ತೆ.

ಆರೇಳು ಕೆಜಿ ವಾಪಸ್ ಬಂತು. ಎಲ್ಲಾ ಹಾಳಾಯ್ತಾ?

ಇಲ್ಲ. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ, ತೂಕ ಇಳಿಸೋ ಸರ್ಜರಿ ಆದವರನ್ನ ವರ್ಷಗಟ್ಟಲೆ ಹಿಂಬಾಲಿಸಿದ ಎಸ್ಒಎಸ್ ಸ್ಟಡಿಲಿ ಬೈಪಾಸ್ ಆದವರ ತೂಕ ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ 32% ಇಳಿದಿತ್ತು, 10 ವರ್ಷಕ್ಕೆ ನೋಡಿದ್ರೆ ಅದು 25%, 15 ವರ್ಷಕ್ಕೆ 27%. ಅಂದ್ರೆ ಸ್ವಲ್ಪ ವಾಪಸ್ ಬರೋದು ಎಷ್ಟೋ ಜನರ ದಾರಿಲಿ ಇದೆ, ಚಟ ಇಲ್ಲದವರಿಗೂ. ಆದ್ರೆ ತಿಂಗಳು ತಿಂಗಳೂ ಏರ್ತಾನೇ ಇದ್ರೆ, ಜೊತೆಗೆ ತಿನ್ನೋದ್ರಲ್ಲಿ ಕಂಟ್ರೋಲ್ ಇಲ್ಲ ಅನ್ಸಿದ್ರೆ, ಮೂರು ಕೆಜಿ ಏರಿರೋವಾಗ್ಲೇ ಡಾಕ್ಟರ್ ಹತ್ರ ಹೋಗಿ, ಮೂವತ್ತಾಗೋ ತನಕ ನಾಚ್ಕೊಂಡು ಮನೇಲಿ ಕೂರ್ಬೇಡಿ. ಇನ್ನೂ ಹೇಳೋದಾದ್ರೆ ತೂಕ ಒಂದು ಗ್ರಾಂ ಏರದೇ ಇದ್ರೂ ಕಂಟ್ರೋಲ್ ತಪ್ಪಿದೆ ಅನ್ಸಿದ ದಿನಾನೇ ಹೋಗ್ಬೋದು, ತೂಕದ ಮಷೀನಲ್ಲಿ ಕಾಣೋಕೆ ಮುಂಚೆ ಇದು ತಲೇಲಿ ಶುರುವಾಗಿರತ್ತೆ.

ಡಾಕ್ಟರ್‌ಗೆ ಹೇಳೋಕೆ ನಾಚಿಕೆ. ಬೈತಾರೆ ಅಂತ ಭಯ.

ಬೈಯೋರೂ ಇದಾರೆ, ಸುಳ್ಳು ಹೇಳಲ್ಲ. "ಇಷ್ಟು ಖರ್ಚು ಮಾಡಿ ಇದೇನಾ" ಅಂತ ಕೇಳಿಸ್ಕೊಂಡು ಅಳ್ತಾ ಹೊರಗೆ ಬಂದವರು ಆಮೇಲೆ ಫಾಲೋಅಪ್ಪಿಗೇ ಹೋಗಲ್ಲ, ವಿಟಮಿನ್ ನಿಲ್ಲತ್ತೆ, ರಕ್ತ ಪರೀಕ್ಷೆ ನಿಲ್ಲತ್ತೆ, ಬಿ12, ಕಬ್ಬಿಣ, ವಿಟಮಿನ್ ಡಿ ಎಲ್ಲ ಕಮ್ಮಿಯಾಗಿ ಸುಸ್ತು ಕಿರಿಕಿರಿ ಏರತ್ತೆ, ಆ ಸುಸ್ತಿಗೆ ಇನ್ನೂ ತಿನ್ನೋದು. ನಂಗೆ ಇದ್ರಷ್ಟು ಸಿಟ್ಟು ಬರಿಸೋ ವಿಷಯ ಇನ್ನೊಂದಿಲ್ಲ. ಬಿಪಿ ಮತ್ತೆ ಬಂದ್ರೆ ಯಾರಾದ್ರೂ ಬೈತಾರಾ?

ಹೇಳೋಕೆ ಮಾತು ಸಿಗದಿದ್ರೆ ಬರೆದುಕೊಂಡು ಹೋಗಿ ಕೊಡಿ. "ತಿನ್ನುವಾಗ ನಿಲ್ಲಿಸೋಕೆ ಆಗ್ತಿಲ್ಲ, ವಾರಕ್ಕೆ ಇಷ್ಟು ಸಲ ಹೀಗಾಗ್ತಿದೆ, ಈಟಿಂಗ್ ಡಿಸಾರ್ಡರ್ ನೋಡೋರ ಹತ್ರ ಕಳ್ಸಿ." ಇಷ್ಟು ಸಾಕು. ಆಮೇಲೂ ಬೈದ್ರೆ ಡಾಕ್ಟರ್ ಬದಲಾಯಿಸಿ, ಫಾಲೋಅಪ್ ಮಾತ್ರ ಬಿಡ್ಬೇಡಿ.

ಯಾವ ಥರದ ಟ್ರೀಟ್‌ಮೆಂಟ್ ಇದೆ?

ಬಿಂಜ್ ಈಟಿಂಗ್‌ಗೆ ಜಾಸ್ತಿ ಆಧಾರ ಇರೋದು ಸಿಬಿಟಿ ಅನ್ನೋ, ಯೋಚನೆ ಮತ್ತೆ ಅಭ್ಯಾಸ ಬದಲಾಯಿಸೋ ಮಾತಿನ ಥೆರಪಿಗೆ. ಅದ್ರಲ್ಲಿ ಬಾಲ್ಯದ ಕಥೆನೇ ವರ್ಷಗಟ್ಟಲೆ ಮಾತಾಡ್ತಾ ಕೂರಲ್ಲ, ಊಟದ ಡೈರಿ, ಟೈಮು, ಯಾವ ಯೋಚನೆ ಯಾವ ತಿನ್ನೋದಕ್ಕೆ ತಳ್ಳತ್ತೆ, ಇದನ್ನ ಹಿಡಿದು ಒಂದೊಂದೇ ಬಿಡಿಸ್ತಾರೆ. ಭಾವನೆ ಉಕ್ಕಿ ಬಂದಾಗ ತಿನ್ನೋರಿಗೆ, ಭಾವನೆ ತಡ್ಕೊಳ್ಳೋದನ್ನ ಕಲಿಸೋ ಡಿಬಿಟಿ ಅನ್ನೋ ಥೆರಪಿನೂ ಸಹಾಯ ಆಗತ್ತೆ. ತೂಕ ಇಳಿಸೋ ಸರ್ಜರಿ ಬಗ್ಗೆ ಗೊತ್ತಿರೋ ಥೆರಪಿಸ್ಟ್ ಸಿಕ್ರೆ ಒಳ್ಳೇದು, ಇಲ್ಲಾಂದ್ರೆ "ಸ್ವಲ್ಪ ಸ್ವಲ್ಪ ಆರು ಸಲ ತಿನ್ನಿ" ಅಂತ ನಮಗೆ ಗ್ರೇಝಿಂಗ್ ಕಲಿಸೋ ಸಲಹೆ ಕೊಡ್ಬೋದು.

ಜೊತೆಗಾರರ ಗುಂಪೂ ಮುಖ್ಯ. ಓವರ್‌ಈಟರ್ಸ್ ಅನಾನಿಮಸ್ ಅಂತ 1960ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಗುಂಪಿದೆ, ಕುಡಿತ ಬಿಡೋರ ಹನ್ನೆರಡು ಹೆಜ್ಜೆ ಮಾದರಿ, ದುಡ್ಡು ತಗೊಳ್ಳಲ್ಲ, ಆನ್‌ಲೈನ್ ಮೀಟಿಂಗೂ ಇದೆ. ಎಲ್ಲರಿಗೂ ಒಗ್ಗಲ್ಲ, ಕೆಲವರಿಗೆ ಪ್ರಾಣ ಉಳಿಸಿದಂಗೆ ಆಗಿದೆ. ಹೋಗಿ ಕೂತು ನೋಡಿ, ಹಿಡಿಸಲಿಲ್ಲಾಂದ್ರೆ ಬಿಡಿ.

ಇಂಜೆಕ್ಷನ್ ತಗೊಂಡ್ರೆ ಸೆಳೆತ ಹೋಗತ್ತಂತೆ, ನಿಜಾನಾ?

ಸೆಮಾಗ್ಲುಟೈಡ್, ಲಿರಾಗ್ಲುಟೈಡ್, ಟಿರ್ಜೆಪಟೈಡ್, ಹಸಿವು ಕಮ್ಮಿ ಮಾಡೋ ಈ ಗುಂಪಿನ ಔಷಧಿ ತಗೊಂಡವರು ತಲೇಲಿ ಇಡೀ ದಿನ ಓಡೋ ಊಟದ ಯೋಚನೆ ನಿಶ್ಶಬ್ದ ಆಯ್ತು ಅಂತ ಹೇಳೋದು ಕೇಳಿದೀನಿ. ಸರ್ಜರಿ ಆದ್ಮೇಲೆ ತೂಕ ವಾಪಸ್ ಬಂದವರಿಗೂ ಡಾಕ್ಟರ್‌ಗಳು ಕೊಡ್ತಿದಾರೆ, ಲಿರಾಗ್ಲುಟೈಡನ್ನ ಸರ್ಜರಿ ಆದವರ ಮೇಲೇ ಪರೀಕ್ಷೆ ಮಾಡಿದಾಗ ತೂಕ ಇಳಿದಿದೆ. ಔಷಧಿ ತಗೊಳ್ಳೋದು ಮೋಸ ಅಂತ ಯಾರಾದ್ರೂ ಅಂದ್ರೆ ಕಿವಿಗೆ ಹಾಕ್ಕೋಬೇಡಿ. ಆದ್ರೆ ಎರಡು ವಿಷಯ ನೆನಪಿರ್ಲಿ, ನಿಲ್ಲಿಸಿದ್ರೆ ಹಸಿವು ವಾಪಸ್ ಬರತ್ತೆ, ಮತ್ತೆ ಮೊದಲೇ ಚಿಕ್ಕ ಹೊಟ್ಟೆ ಇರೋರು ಇದ್ರ ಮೇಲೆ ಇನ್ನೂ ಕಮ್ಮಿ ತಿಂದ್ರೆ ದೇಹಕ್ಕೆ ಪ್ರೋಟೀನೂ ವಿಟಮಿನ್ನೂ ಕಮ್ಮಿಯಾಗತ್ತೆ. ಬೇರೆಯವರ ಇಂಜೆಕ್ಷನ್ ಪೆನ್ ತಗೊಂಡು ಚುಚ್ಚಿಕೊಳ್ಳೋದು ಖಂಡಿತ ಬೇಡ. ಬಾಯಿಂದ ತಗೊಳ್ಳೋ ಮಾತ್ರೆಗಳೂ ಇವೆ, ನಿಧಾನಕ್ಕೆ ಕರಗೋ ಮಾತ್ರೆಗಳು ಬೈಪಾಸ್ ಆದವರಿಗೆ ಸರಿಯಾಗಿ ಹತ್ತದೇ ಇರ್ಬೋದು, ಅದಕ್ಕೆ ಯಾವ ಡಾಕ್ಟರ್ ಹತ್ರ ಹೋದ್ರೂ ಸರ್ಜರಿ ಆಗಿದೆ ಅಂತ ಮೊದಲೇ ಹೇಳಿ.

ಇನ್ನೊಂದು ಸರ್ಜರಿ ಮಾಡಿಸ್ಲಾ?

ರಚನೆಲೇ ತೊಂದರೆ ಇದ್ರೆ ಅದಕ್ಕೆ ಅರ್ಥ ಇದೆ. ಕಾರಣ ಚಟ ಅಂತಾದ್ರೆ ಮೊದಲು ಚಟಕ್ಕೆ ಟ್ರೀಟ್‌ಮೆಂಟ್, ಎರಡನೇ ಸರ್ಜರಿಲಿ ಅಪಾಯ ಮೊದಲನೇದಕ್ಕಿಂತ ಜಾಸ್ತಿ.

ಮನೆಯವರು ಪ್ರತಿ ತುತ್ತನ್ನೂ ನೋಡ್ತಾರೆ, "ನೀನು ಇದನ್ನ ತಿನ್ಬೋದಾ" ಅಂತ ಎಲ್ಲರೆದುರು ಕೇಳ್ತಾರೆ. ಏನ್ ಹೇಳ್ಲಿ?

ಕಾವಲು ಜಾಸ್ತಿಯಾದಷ್ಟೂ ಕದ್ದು ತಿನ್ನೋದು ಜಾಸ್ತಿ, ಇದನ್ನ ಮನೆಯವರಿಗೆ ಅರ್ಥ ಮಾಡಿಸ್ಬೇಕು, ಅದೂ ಊಟದ ಹೊತ್ತಲ್ಲಿ ಬೇಡ, ಎಲ್ಲರೂ ಸಮಾಧಾನವಾಗಿ ಇರೋವಾಗ. ಏನು ಬೇಡ ಅಂತ ಹೇಳೋದ್ರ ಜೊತೆ ಏನು ಬೇಕು ಅಂತಾನೂ ಹೇಳಿ. ನನ್ನ ತಟ್ಟೆ ಬಗ್ಗೆ ಮಾತಾಡ್ಬೇಡಿ, ಆ ಒಂದು ತಿಂಡಿ ಮನೇಲಿ ಇಡ್ಬೇಡಿ, ರಾತ್ರಿ ಊಟ ಆದ್ಮೇಲೆ ನನ್ನ ಜೊತೆ ಸ್ವಲ್ಪ ನಡೀರಿ. ಹೀಗೆ ಕೈಗೆ ಕೆಲಸ ಕೊಟ್ರೆ ಕಣ್ಣಿನ ಕಾವಲು ಕಮ್ಮಿಯಾಗತ್ತೆ. ಪ್ರೀತಿಗೆ ಬಲವಂತ ಮಾಡಿ ತಿನ್ನಿಸೋರೂ ಇರ್ತಾರೆ, ಅವರಿಗೆ ಕಾರಣ ಕೊಡೋಕೆ ಹೋದ್ರೆ ಮುಗಿಯಲ್ಲ, "ಸಾಕು, ಹೊಟ್ಟೆ ತುಂಬಿದೆ" ಅಂತ ಮೂರು ಸಲ ಅದೇ ಮಾತು.

ತಿಂದು ವಾಂತಿ ಮಾಡ್ತಿದೀನಿ, ಇಲ್ಲ ಅಗಿದು ಉಗೀತಿದೀನಿ. ಇದು ಎಷ್ಟು ಅಪಾಯ?

ಬೇಕಂತ ವಾಂತಿ ಮಾಡೋದು ಅಪಾಯ, ಸರ್ಜರಿ ಆದ ದೇಹಕ್ಕೆ ಇನ್ನೂ ಜಾಸ್ತಿ. ರಕ್ತದಲ್ಲಿ ಪೊಟ್ಯಾಸಿಯಂ ಕಮ್ಮಿಯಾದ್ರೆ ಹೃದಯದ ಬಡಿತ ಏರುಪೇರಾಗತ್ತೆ. ಬೇಕಂತ ಇರ್ಲಿ, ತಾನಾಗೇ ಬರ್ಲಿ, ದಿನಗಟ್ಟಲೆ ವಾಂತಿ ಆಗ್ತಿದ್ರೆ ಥಯಮಿನ್ ಅಂದ್ರೆ ವಿಟಮಿನ್ ಬಿ1 ಕಮ್ಮಿಯಾಗಿ ಮೆದುಳಿಗೂ ನರಕ್ಕೂ ಪೆಟ್ಟಾಗತ್ತೆ. ಕಣ್ಣು ಎರಡೆರಡು ಕಾಣೋದು, ನಡೆಯುವಾಗ ತೂರಾಡೋದು, ಗೊಂದಲ, ಇವು ಬಂದ್ರೆ ಅವತ್ತೇ ಎಮರ್ಜೆನ್ಸಿಗೆ ಹೋಗಿ ಸರ್ಜರಿ ಆಗಿದೆ ಅಂತ ಹೇಳಿ. ಅಗಿದು ಉಗಿಯೋದು ಅಷ್ಟು ತಕ್ಷಣದ ಅಪಾಯ ಅಲ್ಲ, ಆದ್ರೆ ಅದೂ ಕಾಯಿಲೆಯ ಲಕ್ಷಣಾನೇ, ಥೆರಪಿಸ್ಟ್‌ಗೆ ಹೇಳಿ.

ತೂಕ ಇಳಿದಿದೆ, ಖುಷಿಯಾಗಿರ್ಬೇಕು, ಆದ್ರೆ ಬದುಕೇ ಬೇಡ ಅನ್ಸತ್ತೆ.

ಹೀಗನ್ಸೋದು ನಿಮಗೊಬ್ಬರಿಗೇ ಅಲ್ಲ. ಇಷ್ಟು ವರ್ಷ ನೋವಿಗೆ ಹಚ್ಚಿಕೊಳ್ತಿದ್ದ ಮುಲಾಮು ಊಟಾನೇ ಆಗಿತ್ತು, ಅದನ್ನ ಸರ್ಜರಿ ಒಂದೇ ದಿನದಲ್ಲಿ ಕಿತ್ಕೊಳ್ಳತ್ತೆ, ನೋವು ಮಾತ್ರ ಹಾಗೇ ಉಳಿದಿರತ್ತೆ. ಸರ್ಜರಿ ಆದವರಲ್ಲಿ ತಮಗೆ ತಾವೇ ಹಾನಿ ಮಾಡ್ಕೊಳ್ಳೋದು ಜಾಸ್ತಿಯಾಗಿರೋದು ಸ್ಟಡಿಗಳಲ್ಲಿ ಕಂಡಿದೆ, ಅದಕ್ಕೆ ಇದನ್ನ ಪೂರ್ತಿ ಗಂಭೀರವಾಗಿ ತಗೋಳಿ. ಸಾಯ್ಬೇಕು ಅನ್ನೋ ಯೋಚನೆ ಬಂದಿದ್ರೆ ಒಬ್ರೇ ಇರ್ಬೇಡಿ, ಈಗ್ಲೇ ಹತ್ತಿರದವರಿಗೆ ಫೋನ್ ಮಾಡಿ, ಎಮರ್ಜೆನ್ಸಿಗೋ ಸಹಾಯವಾಣಿಗೋ ತಲುಪಿ. ಡಿಪ್ರೆಷನ್ ಮಾತ್ರೆ ಮುಂಚಿಂದ ತಗೊಳ್ತಿದ್ರೆ, ಸರ್ಜರಿ ಆದ್ಮೇಲೆ ಅದು ಸರಿಯಾಗಿ ಹತ್ತುತ್ತಿದೆಯಾ ಅಂತ ಸೈಕಿಯಾಟ್ರಿಸ್ಟ್ ಹತ್ರ ನೋಡಿಸಿ.

ನಂಗಿನ್ನೂ ಸರ್ಜರಿ ಆಗಿಲ್ಲ. ಚಟ ಇದೆ ಅಂತ ಹೇಳಿದ್ರೆ ರಿಜೆಕ್ಟ್ ಮಾಡ್ತಾರಾ?

ಈ ಭಯಕ್ಕೇ ಸೈಕಾಲಜಿಸ್ಟ್ ಮುಂದೆ ಎಲ್ಲಾ ಸರಿ ಇದೆ ಅಂತ ಹೇಳಿ ಬರೋರು ಎಷ್ಟೋ ಜನ. ಬಿಂಜ್ ಇದೆ ಅನ್ನೋ ಒಂದೇ ಕಾರಣಕ್ಕೆ ಸಾಮಾನ್ಯವಾಗಿ ಸರ್ಜರಿ ಬೇಡ ಅನ್ನಲ್ಲ, ಕೆಲವು ಸಲ ಮೊದಲು ಥೆರಪಿ ಮಾಡಿ ಆಮೇಲೆ ಡೇಟ್ ಕೊಡ್ತಾರೆ. ಆ ಕೆಲವು ತಿಂಗಳು ತಡ ಆದ್ರೂ ಪರವಾಗಿಲ್ಲ, ಹೇಳಿ. ಸರ್ಜರಿ ಆದ ಮೊದಲ ವರ್ಷ ಹಸಿವು ಕಮ್ಮಿ ಇರತ್ತಲ್ಲ, ಆಗ್ಲೇ ಥೆರಪಿ ನಡೀತಾ ಇದ್ರೆ ಹೊಸ ಅಭ್ಯಾಸ ಕೂರೋಕೆ ಅದಕ್ಕಿಂತ ಒಳ್ಳೇ ಟೈಮ್ ಸಿಗಲ್ಲ. ಹಾಗಾಗಿ ಸರ್ಜರಿ ಡೇಟ್ ಬುಕ್ ಮಾಡುವಾಗ್ಲೇ, ಆದ್ಮೇಲೆ ಎರಡನೇ ಮೂರನೇ ವರ್ಷದಲ್ಲೂ ನನ್ನನ್ನ ನೋಡೋ ಸೈಕಾಲಜಿಸ್ಟ್ ಯಾರು ಅಂತ ಕೇಳಿ ಹೆಸರು ಬರ್ಕೊಂಡು ಬನ್ನಿ.